ನೆತ್ತರ ಜಾಡು: ಗಾಯಗೊಂಡ ಮೃಗ, ಬೇಟೆಗಾರ ಮತ್ತು ಧರ್ಮವಿಚಾರ

೧

ಬೇಟೆಯನ್ನು ಕುರಿತ ವರ್ಣನೆಗಳಲ್ಲಿ ಸಾಮಾನ್ಯವಾಗಿ ಬಾಣವು ಗುರಿಯನ್ನು ಮುಟ್ಟುತ್ತದೆ, ಇಲ್ಲವೇ ತಪ್ಪುತ್ತದೆ. ಮುಟ್ಟಿದರೆ ಮೃಗ ಅಲ್ಲಿಯೇ ಉರುಳುತ್ತದೆ. ತಪ್ಪಿದರೆ ಪೊದೆಗಳಲ್ಲಿ ಮರೆಯಾಗುತ್ತದೆ. ಆದರೆ ಕಾಡನ್ನು ಬಲ್ಲವರಿಗೆ ಪರಿಚಿತವಾದ ಮೂರನೆಯ ಸಂದರ್ಭವೊಂದಿದೆ. ಬಾಣ ತಗುಲುತ್ತದೆ, ತಗುಲಬೇಕಾದ ಕಡೆಗೆ ತಗುಲುವುದಿಲ್ಲ. ಜಿಂಕೆ ಬೀಳದೆ, ಮೈಯಲ್ಲಿ ಬಾಣವನ್ನು ಹೊತ್ತು ಓಡುತ್ತದೆ. ಆ ಗಳಿಗೆಯಿಂದ ಅದು ಪೂರ್ತಿಯಾಗಿ ಕಾಡಿನದೂ ಅಲ್ಲ, ಬೇಟೆಗಾರನದೂ ಅಲ್ಲ. ಅದರ ಸಾವು ಇನ್ನೂ ಸಂಭವಿಸಿಲ್ಲ. ಅದರ ಬದುಕು ಮೊದಲಿನಂತೆ ಉಳಿದಿಲ್ಲ.

ಈ ನಡುವಣ ಸ್ಥಿತಿ ಎರಡು ಪ್ರಶ್ನೆಗಳನ್ನು ಎತ್ತುತ್ತದೆ. ಗಾಯಗೊಂಡು ಓಡಿದ ಮೃಗ ಯಾರದು? ಅದನ್ನು ಗಾಯಗೊಳಿಸಿದವನು ಅದಕ್ಕೆ ಏನನ್ನು ಸಲ್ಲಿಸಬೇಕು? ಮೊದಲನೆಯದು ಹಕ್ಕಿನ ಪ್ರಶ್ನೆ, ಎರಡನೆಯದು ಋಣದ ಪ್ರಶ್ನೆ. ಭಾರತದ ಧರ್ಮಗ್ರಂಥಗಳೂ ಇತಿಹಾಸಕಾವ್ಯಗಳೂ ಈ ಎರಡನ್ನೂ ಬಹು ಹಿಂದೆಯೇ ಕೇಳಿಕೊಂಡಿವೆ. ಹಕ್ಕಿಗೆ ದೊರೆತ ಉತ್ತರ ಸ್ಪಷ್ಟವಾಗಿತ್ತು. ಋಣಕ್ಕೆ ಉತ್ತರವು ನಿಯಮದ ರೂಪದಲ್ಲಿ ದೊರೆಯದೆ ಕಥೆಗಳ ರೂಪದಲ್ಲಿ ದೊರೆಯಿತು. ಈ ಬೆಳವಣಿಗೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೇಟೆಯ ಸಮರ್ಥನೆಯಾಗಲಿ ಖಂಡನೆಯಾಗಲಿ ಇಲ್ಲಿನ ವಿಷಯವಲ್ಲ.

೨

ಮೊದಲು ಪದಗಳನ್ನು ನೋಡಬಹುದು. ಸಂಸ್ಕೃತದ ‘ಮೃಗ’ ಎಂಬುದು ಮೂಲದಲ್ಲಿ ಯಾವುದೇ ಕಾಡುಪ್ರಾಣಿಗೆ ಸಲ್ಲುತ್ತಿದ್ದ ಹೆಸರು. ಸಿಂಹಕ್ಕೆ ‘ಮೃಗೇಂದ್ರ’ ಎಂದೂ ಕೋತಿಗೆ ‘ಶಾಖಾಮೃಗ’ ಎಂದೂ ಹೆಸರು ಬಂದುದು ಈ ಅರ್ಥದಿಂದಲೇ. ಕಾಲಕ್ರಮದಲ್ಲಿ ಅದು ಜಿಂಕೆ ಎಂಬ ಅರ್ಥಕ್ಕೆ ಕುಗ್ಗಿತು. ಕನ್ನಡವಾದರೋ ಹಳೆಯ ವಿಶಾಲಾರ್ಥವನ್ನೇ ಉಳಿಸಿಕೊಂಡಿದೆ. ನಮ್ಮ ‘ಮೃಗಾಲಯ’ ಜಿಂಕೆಗಳಿಗೆ ಮಾತ್ರ ಮೀಸಲಾದ ಸ್ಥಳವಲ್ಲ. ಇದೇ ಪದಕುಟುಂಬಕ್ಕೆ ‘ಮೃಗಯಾ’ ಎಂಬ ಬೇಟೆಯ ಹೆಸರು ಸೇರಿದೆ. ‘ಮಾರ್ಗ’ ಎಂಬ ಪದವೂ ಸೇರಿದೆ. ನಾವು ಇಂದು ರಾಜಮಾರ್ಗ, ಮುಕ್ತಿಮಾರ್ಗ ಎಂದು ಬಳಸುವ ಪದದ ಹಿಂದೆ ಮೃಗ ನಡೆದುಹೋದ ಜಾಡು ಇದೆ. ‘ಮಾರ್ಗಣ’ ಎಂಬ ಪದಕ್ಕೆ ಹುಡುಕಾಟ ಎಂಬ ಅರ್ಥವೂ ಬಾಣ ಎಂಬ ಅರ್ಥವೂ ಇರುವುದು ಇನ್ನೂ ಕುತೂಹಲಕರ. ಎಸೆದ ಬಾಣ ಮತ್ತು ಅದರ ನಂತರದ ಅರಸುವಿಕೆ ಒಂದೇ ಪದದಲ್ಲಿ ನಿಂತಿವೆ.

ಈ ಪದ ಕರ್ನಾಟಕದಲ್ಲಿ ಅನಿರೀಕ್ಷಿತವಾದೊಂದು ಎತ್ತರವನ್ನು ಮುಟ್ಟಿತು. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಸಮಕಾಲೀನನಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಪ್ರಾಕೃತದಲ್ಲಿ ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಹದಿನಾಲ್ಕು ‘ಮಾರ್ಗಣೆ’ಗಳ ನಿರೂಪಣೆ ಇದೆ. ಜೀವವನ್ನು ಅರಸಿ ತಿಳಿಯುವ ಹದಿನಾಲ್ಕು ದಾರಿಗಳು ಅವು. ಈ ಗ್ರಂಥಕ್ಕೆ ಕೇಶವವರ್ಣಿ ೧೩೫೯ರಲ್ಲಿ ಕನ್ನಡ ಟೀಕೆಯನ್ನು ಬರೆದನು. ಹಿಂಸೆಯನ್ನು ಸರ್ವಥಾ ವರ್ಜಿಸಿದ ಧರ್ಮವೊಂದರ ಜ್ಞಾನಪರಿಭಾಷೆಯಲ್ಲಿ ಬೇಟೆಗಾರನ ಜಾಡಿನ ನೆನಪು ಹೀಗೆ ಉಳಿದುಕೊಂಡಿದೆ.

ಕನ್ನಡದ ಸ್ವಂತ ಪದಗಳೂ ಇಲ್ಲಿ ಗಮನಾರ್ಹ. ಹಳಗನ್ನಡದ ‘ಬೇಂಟೆ’ ಇಂದಿನ ಬೇಟೆ. ‘ಪಜ್ಜೆ’ ಇಂದಿನ ಹೆಜ್ಜೆ. ‘ಪಸುಗೆ’ ಎಂದರೆ ಪಾಲು ಮಾಡುವುದು, ಹಂಚಿಕೆ. ಹೆಜ್ಜೆಯನ್ನು ಹಿಡಿದು ಹೋಗಿ ಮೃಗವನ್ನು ಪಡೆದ ಮೇಲೆ ಬರುವುದು ಪಸುಗೆಯ ಪ್ರಶ್ನೆ. ಬೇಟೆ ಒಬ್ಬನ ಸಾಹಸವಾಗಿರದೆ ಗುಂಪಿನ ಕಾರ್ಯವಾಗಿದ್ದ ಸಮಾಜದಲ್ಲಿ ಯಾರ ಬಾಣ ಮೊದಲು ತಾಗಿತು, ಯಾರು ಜಾಡು ಹಿಡಿದರು ಎಂಬುದು ಕೀರ್ತಿಯ ವಿಷಯವಷ್ಟೇ ಆಗಿರಲಿಲ್ಲ. ಊಟದ ವಿಷಯವೂ ಆಗಿತ್ತು.

೩

ಜಾಡು ಹಿಡಿಯುವ ಕೆಲಸದ ಸ್ವರೂಪವನ್ನು ಅರಿಯದೆ ಗ್ರಂಥಗಳ ಮಾತನ್ನು ಅರ್ಥಮಾಡಿಕೊಳ್ಳಲಾಗದು. ಪೆಟ್ಟು ತಿಂದ ಜಿಂಕೆ ನಿಂತಿದ್ದ ಜಾಗವನ್ನು ಮೊದಲು ಗುರುತು ಮಾಡಬೇಕು. ಅಲ್ಲಿ ಕತ್ತರಿಸಿ ಬಿದ್ದ ಕೂದಲು, ಗೊರಸು ನೆಲವನ್ನು ಕೆದರಿದ ರೀತಿ, ಮೊದಲ ನೆತ್ತರ ಹನಿ ಇವು ಸಾಕ್ಷಿ ಹೇಳುತ್ತವೆ. ನೆತ್ತರು ತಿಳಿಗೆಂಪಾಗಿ ನೊರೆಗೂಡಿದ್ದರೆ ಪೆಟ್ಟು ಶ್ವಾಸಕೋಶಕ್ಕೆ ತಗುಲಿದೆ, ಪ್ರಾಣಿ ಹೆಚ್ಚು ದೂರ ಹೋಗಲಾರದು. ಕಡುಗೆಂಪಾಗಿದ್ದರೆ ಯಕೃತ್ತಿಗೆ ತಗುಲಿರಬಹುದು. ಹನಿಗಳು ವಿರಳವಾಗಿದ್ದು ಹಸುರು ಬಣ್ಣದ, ದುರ್ವಾಸನೆಯ ದ್ರವ ಬೆರೆತಿದ್ದರೆ ಪೆಟ್ಟು ಹೊಟ್ಟೆಗೆ ಬಿದ್ದಿದೆ. ಸಾವು ಖಚಿತ, ಆದರೆ ಬಹಳ ನಿಧಾನ. ಬರಿಯ ಮಾಂಸಖಂಡಕ್ಕೆ ತಗುಲಿದ್ದರೆ ಮೊದಲಿಗೆ ಧಾರಾಳವಾಗಿ ಸುರಿದ ನೆತ್ತರು ಸ್ವಲ್ಪ ದೂರದಲ್ಲಿಯೇ ಬತ್ತಿಹೋಗುತ್ತದೆ. ನಿಂತ ಪ್ರಾಣಿಯ ನೆತ್ತರು ದುಂಡಗಿನ ಹನಿಯಾಗಿ ಬೀಳುತ್ತದೆ. ಓಡುವ ಪ್ರಾಣಿಯದು ಓಟದ ದಿಕ್ಕಿಗೆ ಚಾಚಿಕೊಳ್ಳುತ್ತದೆ. ಪೊದೆಯ ಎಲೆಗಳ ಮೇಲೆ ಎಷ್ಟು ಎತ್ತರದಲ್ಲಿ ನೆತ್ತರು ಒರಸಿದೆ ಎಂಬುದರಿಂದ ಗಾಯವು ಮೈಯ ಯಾವ ಎತ್ತರದಲ್ಲಿದೆ ಎಂದು ತಿಳಿಯುತ್ತದೆ.

ಇವೆಲ್ಲಕ್ಕಿಂತ ಕಠಿನವಾದುದು ಕಾಯುವುದು. ಹೊಟ್ಟೆಗೆ ಪೆಟ್ಟು ತಿಂದ ಜಿಂಕೆಯನ್ನು ಕೂಡಲೇ ಬೆನ್ನಟ್ಟಿದರೆ ಅದು ಭಯದಿಂದ ಮತ್ತೆ ಮತ್ತೆ ಎದ್ದು ಮೈಲುಗಟ್ಟಲೆ ಓಡುತ್ತದೆ, ನೆತ್ತರೂ ಸಿಕ್ಕದಂತಾಗುತ್ತದೆ. ಕೆಲವು ಗಂಟೆಗಳ ಕಾಲ ಬಿಟ್ಟರೆ ಹತ್ತಿರದಲ್ಲಿಯೇ ಮಲಗುತ್ತದೆ. ಆದರೆ ಕಾಯುತ್ತಾ ಕುಳಿತರೆ ಮಳೆ ಬಂದು ಜಾಡನ್ನು ತೊಳೆಯಬಹುದು, ಕತ್ತಲಾಗಬಹುದು. ಯಾವಾಗ ಹೊರಡಬೇಕೆಂಬ ನಿರ್ಣಯವನ್ನು ಆ ಮೊದಲ ಹನಿಗಳ ಬಣ್ಣವನ್ನು ನೋಡಿಯೇ ಮಾಡಬೇಕು. ಜಾಡು ತಪ್ಪಿದಾಗ ಕೊನೆಯ ಹನಿಯ ಬಳಿ ಒಬ್ಬನು ನಿಲ್ಲುತ್ತಾನೆ, ಇನ್ನೊಬ್ಬನು ಸುತ್ತುಹಾಕಿ ಮುಂದಿನ ಹನಿಯನ್ನು ಹುಡುಕುತ್ತಾನೆ. ಇದ್ದ ಸಾಕ್ಷ್ಯವನ್ನು ತುಳಿದು ಕೆಡಿಸಬಾರದು ಎಂಬುದು ಇಲ್ಲಿನ ಮೊದಲ ಪಾಠ.

ಮನುಸ್ಮೃತಿಯ ಎಂಟನೆಯ ಅಧ್ಯಾಯ ನ್ಯಾಯಾಡಳಿತವನ್ನು ಕುರಿತದ್ದು. ಅಲ್ಲಿ ರಾಜನಿಗೆ ಕೊಟ್ಟ ಉಪದೇಶವೊಂದು ಈ ಕೆಲಸವನ್ನೇ ಮಾದರಿಯಾಗಿ ಇಟ್ಟುಕೊಂಡಿದೆ. ಬೇಟೆಗಾರನು ಬಿದ್ದ ನೆತ್ತರ ಹನಿಗಳಿಂದ ಮೃಗದ ಹೆಜ್ಜೆಯನ್ನು ಕಂಡುಕೊಳ್ಳುವಂತೆ ರಾಜನು ಅನುಮಾನದಿಂದ ಧರ್ಮದ ಹೆಜ್ಜೆಯನ್ನು ಕಂಡುಕೊಳ್ಳಬೇಕು ಎಂಬುದು ಅದರ ಸಾರ. ‘ಅನುಮಾನ’ ಎಂಬುದನ್ನು ಇಂದಿನ ಕನ್ನಡದ ಸಂಶಯ ಎಂಬ ಅರ್ಥದಲ್ಲಿ ತೆಗೆದುಕೊಳ್ಳಬಾರದು. ಕಂಡದ್ದರಿಂದ ಕಾಣದ್ದನ್ನು ಊಹಿಸುವ ಪ್ರಮಾಣ ಅದು. ಇದೇ ಅಧ್ಯಾಯದಲ್ಲಿ ವಾದಿಪ್ರತಿವಾದಿಗಳ ಸ್ವರ, ಮುಖದ ಬಣ್ಣ, ಚೇಷ್ಟೆ, ಕಣ್ಣುಗಳಿಂದ ಒಳಗಿನ ಭಾವವನ್ನು ತಿಳಿಯಬೇಕೆಂಬ ಸೂಚನೆಯೂ ಇದೆ. ಗಾಯಗೊಂಡ ಮೃಗದ ಹೋಲಿಕೆ ನಾರದಸ್ಮೃತಿಯಲ್ಲಿಯೂ ಮಹಾಭಾರತದ ಶಾಂತಿಪರ್ವದ ಆಪದ್ಧರ್ಮ ಭಾಗದಲ್ಲಿಯೂ ಬರುತ್ತದೆ. ಶಾಂತಿಪರ್ವದಲ್ಲಿ ಅದರ ಜೊತೆಗೆ ಮತ್ತೊಂದು ಹೋಲಿಕೆ ಇದೆ: ಧರ್ಮದ ಹೆಜ್ಜೆಯನ್ನು ಅರಸುವುದು ಹಾವಿನ ಹೆಜ್ಜೆಯನ್ನು ಅರಸುವಷ್ಟು ಕಷ್ಟ.

ಇಟಲಿಯ ಇತಿಹಾಸಕಾರ ಕಾರ್ಲೊ ಗಿಂಜ್‌ಬರ್ಗ್ ೧೯೭೯ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದರಲ್ಲಿ, ಚಿಕ್ಕ ಕುರುಹುಗಳಿಂದ ದೊಡ್ಡ ಸಂಗತಿಯನ್ನು ಕಟ್ಟಿಕೊಳ್ಳುವ ಜ್ಞಾನವಿಧಾನದ ಬೇರು ಬೇಟೆಗಾರನ ಜಾಡು ಓದುವಿಕೆಯಲ್ಲಿದೆ ಎಂದು ವಾದಿಸಿದನು. ವೈದ್ಯ, ಪತ್ತೇದಾರ, ಇತಿಹಾಸಕಾರ ಎಲ್ಲರೂ ಆ ಬೇಟೆಗಾರನ ವಾರಸುದಾರರು ಎಂಬುದು ಅವನ ಅಭಿಪ್ರಾಯ. ನಮ್ಮ ಸ್ಮೃತಿಕಾರರು ಈ ವಾರಸಿಕೆಯನ್ನು ಉಪಮೆಯ ಮೂಲಕ ತಾವೇ ಒಪ್ಪಿಕೊಂಡಿದ್ದರು. ಗಮನಿಸಬೇಕಾದ ಅಂಶವೆಂದರೆ, ಅವರು ಆರಿಸಿಕೊಂಡುದು ಕೇವಲ ಮೃಗದ ಹೆಜ್ಜೆಯನ್ನಲ್ಲ, ಗಾಯಗೊಂಡ ಮೃಗದ ಹೆಜ್ಜೆಯನ್ನು. ನ್ಯಾಯಾಲಯಕ್ಕೆ ಬರುವ ಪ್ರತಿಯೊಂದು ವ್ಯವಹಾರದಲ್ಲಿಯೂ ಎಲ್ಲಿಯೋ ಒಂದು ಗಾಯ ಆಗಿಯೇ ಇರುತ್ತದೆ.

೪

ಹಕ್ಕಿನ ಪ್ರಶ್ನೆಗೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ನೇರ ಉತ್ತರವಿದೆ. ಕಾಡಿನ ಮೋಟುಗಳನ್ನು ಕಡಿದು ಹಸನುಮಾಡಿದವನಿಗೆ ಹೊಲ ಸೇರುವಂತೆ, ಯಾರ ಬಾಣದ ಮೊನೆ ಮೈಯಲ್ಲಿದೆಯೋ ಅವನಿಗೆ ಮೃಗ ಸೇರುತ್ತದೆ ಎಂಬುದು ಆ ಉತ್ತರ. ಆಗಲೇ ಗಾಯಗೊಂಡ ಮೃಗಕ್ಕೆ ಹೊಡೆದ ಎರಡನೆಯವನ ಬಾಣ ವ್ಯರ್ಥ ಎಂದೂ ಅಲ್ಲಿಯೇ ಹೇಳಿದೆ. ಈ ಮಾತುಗಳು ಬೇಟೆಯ ನಿಯಮವಾಗಿ ಬಂದಿಲ್ಲ. ಮಗು ಬೀಜದವನದೋ ಕ್ಷೇತ್ರದವನದೋ ಎಂಬ ಚರ್ಚೆಯ ನಡುವೆ ಹೆಂಡತಿ ಮೊದಲ ಪತಿಗೇ ಸೇರಿದವಳೆಂದು ಸಾಧಿಸಲು ಬಂದ ದೃಷ್ಟಾಂತಗಳು ಇವು. ಹೆಣ್ಣನ್ನು ಹೊಲಕ್ಕೂ ಗಾಯಗೊಂಡ ಮೃಗಕ್ಕೂ ಹೋಲಿಸಿದ ಈ ತರ್ಕವನ್ನು ಇಂದಿನ ಓದುಗರು ಒಪ್ಪಲಾರರು. ಆದರೆ ದೃಷ್ಟಾಂತವಾಗಿ ಬಳಸಬೇಕಾದರೆ ಅದು ಎಲ್ಲರೂ ಒಪ್ಪಿದ ಲೋಕರೂಢಿಯಾಗಿರಬೇಕು. ಮೊದಲ ಬಾಣದವನದು ಮೃಗ ಎಂಬ ರೂಢಿ ಅಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ.

ಈ ರೂಢಿಯ ತಾತ್ತ್ವಿಕ ನೆಲೆಯನ್ನು ಕಲ್ಯಾಣದಲ್ಲಿ ಕಾಣಬಹುದು. ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳ್ವಿಕೆಯಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಸ್ವತ್ವ, ಅಂದರೆ ಒಡೆತನ, ಶಾಸ್ತ್ರದಿಂದ ಹುಟ್ಟಿದ್ದಲ್ಲ, ಲೋಕವ್ಯವಹಾರದಿಂದ ಹುಟ್ಟಿದ್ದು ಎಂದು ಅವನು ವಾದಿಸಿದನು. ಗೌತಮನು ಹೇಳಿದ ಒಡೆತನದ ಮೂಲಗಳಲ್ಲಿ ‘ಪರಿಗ್ರಹ’ವೂ ಒಂದು. ಅದಕ್ಕೆ ವಿಜ್ಞಾನೇಶ್ವರನು ಕೊಡುವ ಅರ್ಥ, ಮೊದಲು ಯಾರದೂ ಅಲ್ಲದ ಕಾಡಿನ ನೀರು, ಹುಲ್ಲು, ಕಟ್ಟಿಗೆ ಮುಂತಾದವನ್ನು ತನ್ನದಾಗಿಸಿಕೊಳ್ಳುವುದು. ಈ ಪಟ್ಟಿಗೆ ಕಾಡಿನ ಮೃಗವನ್ನು ಸೇರಿಸುವುದು ನಮ್ಮ ಅನುಮಾನವೇ ಹೊರತು ಅವನ ಮಾತಲ್ಲ. ಆದರೂ ಮೈಯಲ್ಲಿ ನೆಟ್ಟ ಬಾಣವು ಪರಿಗ್ರಹದ ಕುರುಹಾಗಿ ಕೆಲಸ ಮಾಡುತ್ತಿತ್ತೆಂದು ತಿಳಿಯುವುದು ಅಸಂಗತವಾಗದು.

ಕಿರಾತಾರ್ಜುನ ಪ್ರಸಂಗದ ಹಿನ್ನೆಲೆಯಲ್ಲಿ ಇರುವುದೂ ಇದೇ ರೂಢಿ. ಮಹಾಭಾರತದ ವನಪರ್ವದಲ್ಲಿ ಹಂದಿಯ ರೂಪದ ದಾನವನಿಗೆ ಕಿರಾತನೂ ಅರ್ಜುನನೂ ಒಟ್ಟಿಗೆ ಬಾಣ ಬಿಡುತ್ತಾರೆ. ತಾನು ಮೊದಲು ಗುರಿಯಿಟ್ಟದ್ದೆಂದು ಕಿರಾತನ ವಾದ. ತಾನು ಮೊದಲು ಹಿಡಿದದ್ದೆಂದು ಅರ್ಜುನನ ವಾದ. ಕಿರಾತನು ನಡೆದುಕೊಂಡ ರೀತಿ ‘ಮೃಗಯಾಧರ್ಮ’ವಲ್ಲ ಎಂದು ಅರ್ಜುನನು ಆಕ್ಷೇಪಿಸುತ್ತಾನೆ. ಬೇಟೆಗೆ ತನ್ನದೇ ಆದ ಧರ್ಮವಿದೆ, ಅದು ನಾಡಿನವನಿಗೂ ಕಾಡಿನವನಿಗೂ ಸಮಾನ ಎಂಬ ನಂಬಿಕೆ ಈ ಮಾತಿನಲ್ಲಿದೆ. ಭಾರವಿಯು ಈ ವಿವಾದವನ್ನು ಬಾಣ ಯಾರದು ಎಂಬ ವಾಗ್ವಾದವಾಗಿ ಬೆಳೆಸಿದನು. ಕ್ರಿ.ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನ ಜೊತೆಗೆ ಭಾರವಿಯ ಹೆಸರನ್ನು ಸ್ಮರಿಸಿರುವುದರಿಂದ ಅವನ ಖ್ಯಾತಿ ಆ ವೇಳೆಗೇ ಕನ್ನಡನಾಡನ್ನು ಮುಟ್ಟಿತ್ತೆಂದು ತಿಳಿಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಷಡಕ್ಷರದೇವನು ‘ಶಬರಶಂಕರವಿಲಾಸ’ದಲ್ಲಿ ಇದೇ ಪ್ರಸಂಗಕ್ಕೆ ಇಡಿಯ ಕಾವ್ಯವನ್ನೇ ಮೀಸಲಿಟ್ಟನು.

ಹೊರನಾಡುಗಳ ಕಾನೂನುಗಳೊಡನೆ ಹೋಲಿಸಿದಾಗ ಈ ಪ್ರಶ್ನೆ ಎಷ್ಟು ಸಾರ್ವತ್ರಿಕವೆಂಬುದು ಸ್ಪಷ್ಟವಾಗುತ್ತದೆ. ಸಿಸೆರೋನ ಸಮಕಾಲೀನನಾದ ರೋಮಿನ ನ್ಯಾಯವಿದ ಟ್ರೆಬಾಟಿಯಸ್, ಗಾಯಗೊಳಿಸಿದವನು ಬೆನ್ನುಹತ್ತಿರುವವರೆಗೆ ಪ್ರಾಣಿ ಅವನದೇ, ಬೆನ್ನುಹತ್ತುವುದನ್ನು ಬಿಟ್ಟೊಡನೆ ಹಕ್ಕೂ ಹೋಗುತ್ತದೆ ಎಂದು ಅಭಿಪ್ರಾಯಪಟ್ಟಿದ್ದನು. ಗಾಯಗೊಂಡ ಪ್ರಾಣಿ ಕೈಗೆ ಸಿಕ್ಕದೆ ಹೋಗಲು ನೂರು ಕಾರಣಗಳಿರಬಹುದಾದ್ದರಿಂದ ಹಿಡಿದ ಮೇಲೆ ಮಾತ್ರ ಹಕ್ಕು ಎಂಬ ಪಕ್ಷವನ್ನು ಜಸ್ಟಿನಿಯನ್ ಚಕ್ರವರ್ತಿಯ ೫೩೩ರ ಧರ್ಮಸಂಹಿತೆ ಎತ್ತಿಹಿಡಿಯಿತು. ೬೪೩ರಲ್ಲಿ ಲೊಂಬಾರ್ಡರ ದೊರೆ ರೊಥಾರಿಯ ಶಾಸನ ಇನ್ನೂ ಖಚಿತವಾದ ಗಡುವನ್ನು ಕೊಟ್ಟಿತು: ಬಾಣ ತಗುಲಿದ ಜಿಂಕೆ ಇಪ್ಪತ್ತನಾಲ್ಕು ಗಂಟೆಗಳ ಕಾಲ ಹೊಡೆದವನದು. ೧೮೦೫ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ನರಿಯೊಂದರ ವಿವಾದದಲ್ಲಿ, ಬರಿಯ ಬೆನ್ನಟ್ಟುವಿಕೆ ಸಾಲದು, ಆದರೆ ಮಾರಕವಾಗಿ ಗಾಯಗೊಳಿಸಿ ಬೆನ್ನಟ್ಟುವುದನ್ನು ಬಿಡದಿದ್ದರೆ ಹಕ್ಕು ಹುಟ್ಟಬಹುದು ಎಂದಿತು. ಇವುಗಳಲ್ಲಿ ಟ್ರೆಬಾಟಿಯಸನ ಅಭಿಪ್ರಾಯಕ್ಕೆ ವಿಶೇಷ ಬೆಲೆಯಿದೆ. ಅವನ ಪ್ರಕಾರ ಹಕ್ಕು ಉಳಿಯುವುದು ಹಿಂಬಾಲಿಸುವ ಶ್ರಮದಿಂದ. ಹಕ್ಕು ಮತ್ತು ಋಣ ಒಂದನ್ನೊಂದು ಮುಟ್ಟುವ ಬಿಂದು ಇದು.

೫

ಋಣದ ಪ್ರಶ್ನೆಯನ್ನು ಎತ್ತಿಕೊಂಡವರು ಕಥೆಗಾರರು. ಮಹಾಭಾರತದಲ್ಲಿ ಇಬ್ಬರು ಅರಸರು ಗಾಯಗೊಂಡ ಜಿಂಕೆಯ ಜಾಡಿನಲ್ಲಿ ನಡೆದು ತಪಸ್ವಿಗಳ ಬಳಿಗೆ ಬರುತ್ತಾರೆ. ಒಬ್ಬನು ಎಲ್ಲರಿಗೂ ಪರಿಚಿತನಾದ ಪರೀಕ್ಷಿತ. ಇನ್ನೊಬ್ಬನು ಬಹುಮಟ್ಟಿಗೆ ಮರೆತುಹೋದ ಹೈಹಯರ ಸುಮಿತ್ರ. ಇವರನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಅವಶ್ಯಕ.

ಆದಿಪರ್ವದಲ್ಲಿ ಪರೀಕ್ಷಿತನು ತನ್ನ ಮುತ್ತಜ್ಜ ಪಾಂಡುವಿನಂತೆಯೇ ಬೇಟೆಯ ವ್ಯಸನಿ. ಅವನು ಹೊಡೆದ ಜಿಂಕೆಯೊಂದು ಬಾಣ ಸಹಿತ ತಪ್ಪಿಸಿಕೊಳ್ಳುತ್ತದೆ. ಅವನ ಬಾಣ ತಗುಲಿದ ಯಾವ ಮೃಗವೂ ಅದುವರೆಗೆ ಬದುಕಿ ಹೋದುದಿರಲಿಲ್ಲ. ಈ ಜಿಂಕೆ ಮರೆಯಾದದ್ದೇ ಅವನ ಅಂತ್ಯದ ಸೂಚನೆ ಎಂದು ಕಥೆ ಹೇಳುತ್ತದೆ. ಅರುವತ್ತು ವರ್ಷದ ಅರಸ, ಹಸಿದು ಬಾಯಾರಿ, ಗೋವುಗಳ ನಡುವೆ ಕುಳಿತ ಶಮೀಕನೆಂಬ ಮುನಿಯನ್ನು ಕಾಣುತ್ತಾನೆ. ತಾನು ಅಭಿಮನ್ಯುವಿನ ಮಗನೆಂದು ಹೇಳಿಕೊಂಡು, ತಾನು ಹೊಡೆದ ಜಿಂಕೆಯನ್ನು ಕಂಡಿರಾ ಎಂದು ಕೇಳುತ್ತಾನೆ. ಮೌನವ್ರತದಲ್ಲಿದ್ದ ಮುನಿ ಉತ್ತರಿಸುವುದಿಲ್ಲ. ಅರಸನು ಬಿಲ್ಲಿನ ತುದಿಯಿಂದ ಸತ್ತ ಹಾವನ್ನೆತ್ತಿ ಮುನಿಯ ಹೆಗಲ ಮೇಲೆ ಹಾಕುತ್ತಾನೆ. ಮುನಿಯ ಮಗ ಶೃಂಗಿಯ ಶಾಪ, ಏಳು ದಿನಗಳ ಗಡುವು, ತಕ್ಷಕನ ಕಡಿತ, ಜನಮೇಜಯನ ಸರ್ಪಯಾಗ ಎಲ್ಲವೂ ಇದರಿಂದ ಹೊರಡುತ್ತವೆ. ಆ ಯಾಗದಲ್ಲಿಯೇ ವೈಶಂಪಾಯನನು ಮಹಾಭಾರತವನ್ನು ಹೇಳುತ್ತಾನೆ. ಸಿಕ್ಕದೆ ಹೋದ ಒಂದು ಜಿಂಕೆ ಇಡಿಯ ಮಹಾಕಾವ್ಯದ ನಿರೂಪಣೆಗೆ ಕಾರಣವಾಗಿದೆ.

ಭಾಗವತದಲ್ಲಿ ಇದೇ ಕಥೆ ಬಂದಾಗ ಒಂದು ಮುಖ್ಯ ಬದಲಾವಣೆ ಕಾಣುತ್ತದೆ. ಅಲ್ಲಿ ಅರಸನು ಮೃಗಗಳನ್ನು ಹಿಂಬಾಲಿಸಿ ದಣಿದಿದ್ದಾನೆ. ಮುನಿಯಿಂದ ಬೇಡುವುದು ನೀರನ್ನು. ಆಸನವಾಗಲಿ ಸತ್ಕಾರವಾಗಲಿ ಸಿಕ್ಕದುದೇ ಕೋಪಕ್ಕೆ ಕಾರಣ. ಬಾಣ ಹೊತ್ತು ಓಡಿದ ಆ ಜಿಂಕೆಯ ಪ್ರಶ್ನೆ ಕಥೆಯಿಂದ ಜಾರಿಹೋಗಿದೆ. ಕೀರ್ತನಕಾರರ ಬಾಯಲ್ಲಿ ಹೆಚ್ಚಾಗಿ ಪ್ರಚಾರವಾದುದು ಬಾಯಾರಿಕೆಯ ಈ ಪಾಠವೇ. ಹಳೆಯ ಪಾಠದಲ್ಲಿ ಪರೀಕ್ಷಿತನನ್ನು ಕಾಡುವುದು ಬಾಯಾರಿಕೆಗಿಂತ ಹೆಚ್ಚಾಗಿ ತನ್ನ ಬಾಣದ ಹಕ್ಕು. ‘ನಾನು ಹೊಡೆದ’ ಎಂಬುದು ಅವನ ಪ್ರಶ್ನೆಯ ತಿರುಳು.

ಸುಮಿತ್ರನ ಕಥೆ ಶಾಂತಿಪರ್ವದ ರಾಜಧರ್ಮ ಭಾಗದ ಕೊನೆಯಲ್ಲಿದೆ; ನೆತ್ತರ ಜಾಡಿನ ಉಪಮೆ ಬರುವ ಆಪದ್ಧರ್ಮದ ಅಧ್ಯಾಯಕ್ಕೂ ಇದಕ್ಕೂ ಕೆಲವೇ ಅಧ್ಯಾಯಗಳ ಅಂತರ. ದುರ್ಯೋಧನನಲ್ಲಿ ತಾನಿಟ್ಟ ಆಸೆ ಮುರಿದುದಕ್ಕಾಗಿ ದುಃಖಿಸುವ ಯುಧಿಷ್ಠಿರನಿಗೆ ಭೀಷ್ಮನು ಇದನ್ನು ಹೇಳುತ್ತಾನೆ. ಸುಮಿತ್ರನ ಬಾಣ ತಗುಲಿದ ಜಿಂಕೆ ಆ ಬಾಣವನ್ನು ಹೊತ್ತೇ ತಗ್ಗು ದಿಣ್ಣೆ, ಹೊಳೆ ಹಳ್ಳಗಳನ್ನು ದಾಟಿ ಓಡುತ್ತದೆ. ಹತ್ತಿರ ಬಂದಂತೆ ತೋರಿ ಮತ್ತೆ ದೂರವಾಗುತ್ತದೆ. ಅರಸ ಮತ್ತಷ್ಟು ಬಾಣಗಳನ್ನು ಬಿಡುತ್ತಾನೆ. ಅದು ಬಾಣದ ದಾರಿಯಿಂದ ಹೊರಗೆ ಹೋಗಿ ಮಹಾರಣ್ಯವನ್ನು ಹೊಗುತ್ತದೆ. ದಣಿದ ಅರಸ ತಪಸ್ವಿಗಳ ಆಶ್ರಮಕ್ಕೆ ಬರುತ್ತಾನೆ. ತಾನು ಹೊಡೆದ ಜಿಂಕೆ ಬಾಣದೊಡನೆ ಓಡಿಹೋಯಿತೆಂದು ಇವನೂ ಹೇಳುತ್ತಾನೆ. ಆದರೆ ಜಿಂಕೆಯನ್ನು ಕಂಡಿರಾ ಎಂದು ಕೇಳುವುದಿಲ್ಲ. ರಾಜಚಿಹ್ನೆಗಳನ್ನು ಕಳೆದುಕೊಂಡುದಕ್ಕಿಂತ ಮುರಿದ ಆಸೆ ಹೆಚ್ಚು ನೋಯಿಸುತ್ತಿದೆ, ಮನುಷ್ಯನ ಆಸೆ ದೊಡ್ಡದೋ ಆಕಾಶ ದೊಡ್ಡದೋ ಎಂದು ಕೇಳುತ್ತಾನೆ. ಋಷಭನೆಂಬ ಋಷಿ, ಕಳೆದುಹೋದ ಮಗನನ್ನು ಅರಸುತ್ತಿದ್ದ ವೀರದ್ಯುಮ್ನನೆಂಬ ಅರಸನ ಕಥೆಯನ್ನು ಹೇಳಿ ಅವನನ್ನು ಸಮಾಧಾನಗೊಳಿಸುತ್ತಾನೆ.

ಒಂದೇ ಬಗೆಯ ಘಟನೆ ಎರಡು ದಿಕ್ಕಿಗೆ ಸಾಗಿದೆ. ಪರೀಕ್ಷಿತನು ಜಿಂಕೆಯ ಜಾಡು ಮುಗಿದಲ್ಲಿ ಇನ್ನೊಬ್ಬನನ್ನು ಗಾಯಗೊಳಿಸಿದನು. ಸುಮಿತ್ರನು ಅಲ್ಲಿಂದ ಜಾಡನ್ನು ತನ್ನೊಳಕ್ಕೆ ತಿರುಗಿಸಿದನು. ಆದರೂ ಇಬ್ಬರ ಕಥೆಯಲ್ಲಿಯೂ ಒಂದು ಮೌನವಿದೆ. ಬಾಣವನ್ನು ಹೊತ್ತು ಕಾಡಿನೊಳಗೆ ಹೋದ ಜಿಂಕೆಗಳು ಏನಾದುವು ಎಂದು ಸುಮಿತ್ರನೂ ಕೇಳುವುದಿಲ್ಲ, ಕಥೆಗಾರನೂ ಹೇಳುವುದಿಲ್ಲ. ಅರಸನ ಆಸೆಗೆ ಸಮಾಧಾನ ದೊರೆಯಿತು. ಜಿಂಕೆಯ ನೋವಿಗೆ ಕಥೆಯಲ್ಲಿ ಜಾಗ ದೊರೆಯಲಿಲ್ಲ.

ಹಿಂಬಾಲಿಸಿ ಹೋಗಿ ತನ್ನ ಕೃತ್ಯವನ್ನು ಮುಖಾಮುಖಿಯಾಗಿ ಕಂಡವರು ಬೇರೆ ಇಬ್ಬರು. ರಾಮಾಯಣದ ದಶರಥನು ಕತ್ತಲಲ್ಲಿ ಸದ್ದನ್ನು ಕೇಳಿ ಬಾಣ ಬಿಟ್ಟು, ನರಳಿಕೆಯ ಜಾಡು ಹಿಡಿದು ಹೋಗಿ ಮುನಿಕುಮಾರನನ್ನು ಕಾಣುತ್ತಾನೆ. ಕುರುಡರಾದ ತಂದೆತಾಯಿಗಳ ಬಳಿಗೆ ತಾನೇ ಹೋಗಿ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಮೌಸಲಪರ್ವದ ಜರನೆಂಬ ಬೇಡನು ಮಲಗಿದ್ದ ಕೃಷ್ಣನನ್ನು ಜಿಂಕೆಯೆಂದು ಭ್ರಮಿಸಿ ಅವನ ಅಡಿಗೆ ಬಾಣ ಬಿಟ್ಟು, ಮೃಗವನ್ನು ಹಿಡಿಯಲು ಬರುತ್ತಾನೆ. ಕಂಡೊಡನೆ ಕಾಲಿಗೆ ಬೀಳುತ್ತಾನೆ. ಕೃಷ್ಣನು ಅವನನ್ನು ಸಂತೈಸಿ ಲೋಕವನ್ನು ಬಿಡುತ್ತಾನೆ. ಜರನು ಹೆಸರಿಲ್ಲದ ಕುಲದವನು, ಬೇಟೆ ಅವನ ವೃತ್ತಿ. ಬಾಣ ಬಿಟ್ಟ ಮೇಲೆ ಹೋಗಿ ನೋಡುವುದು ಅವನಿಗೆ ಸಹಜ. ವಿನೋದಕ್ಕಾಗಿ ಬೇಟೆಯಾಡುವ ಅರಸನಿಗೂ ವೃತ್ತಿಯ ಬೇಡನಿಗೂ ಇರುವ ಈ ವ್ಯತ್ಯಾಸ ಆಕಸ್ಮಿಕವೆಂದು ತೋರುವುದಿಲ್ಲ.

೬

ವಿಜ್ಞಾನೇಶ್ವರನು ಬರೆದ ಕಲ್ಯಾಣದಲ್ಲಿಯೇ, ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ‘ಮಾನಸೋಲ್ಲಾಸ’ವನ್ನು ರಚಿಸಿದನು. ಬೇಟೆ, ಗಿಡುಗ, ಬೇಟೆನಾಯಿಗಳ ವಿಚಾರ ಅಲ್ಲಿ ಅರಸನ ವಿನೋದಗಳ ಪ್ರಕರಣದಲ್ಲಿ ಬರುತ್ತದೆ. ಅರಮನೆಯ ಬೇಟೆಯಲ್ಲಿ ಹಿಂಬಾಲಿಸುವ ಕೆಲಸ ಅರಸನದಾಗಿರದೆ ನಾಯಿಗಳದೂ ಆಳುಗಳದೂ ಆಗಿತ್ತು. ಈ ಹಿಂಬಾಲಿಸುವವರಿಗೆ ಸಂದ ಗೌರವದ ಅಪರೂಪದ ನಿದರ್ಶನ ೯೪೯ರ ಆತಕೂರು ಶಾಸನದಲ್ಲಿದೆ. ಇಮ್ಮಡಿ ಬೂತುಗನ ಸೇವಕ ಮಣಲೇರನು ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ದೊಡ್ಡ ಹಂದಿಯೊಂದರ 
ಮೇಲೆ ಬಿಟ್ಟ ಆ ನಾಯಿ ಕೊನೆಯವರೆಗೆ ಹೋರಾಡಿತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು.

ಕೋವಿಯ ಕಾಲ ಬಂದಾಗ ಹೊಡೆಯುವವನಿಗೂ ಪ್ರಾಣಿಗೂ ನಡುವಣ ದೂರ ಹೆಚ್ಚಿತು. ಈಡು ತಗುಲಿತೋ ಇಲ್ಲವೋ ಎಂಬ ಸಂದೇಹವೂ ಹೆಚ್ಚಿತು. ಮೈಸೂರು ಸೀಮೆಯಲ್ಲಿ ಸೇವೆಯಲ್ಲಿದ್ದು, ೧೮೭೪ರಲ್ಲಿ ಚಾಮರಾಜನಗರದ ಕಡೆ ಆನೆಗಳ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ತನ್ನ ೧೮೭೮ರ ಗ್ರಂಥದಲ್ಲಿ ಸ್ಥಳೀಯ ಜಾಡುಗಾರರ ನೆರವನ್ನು ಮತ್ತೆ ಮತ್ತೆ ಸ್ಮರಿಸಿದ್ದಾನೆ. ಇಂತಹ ಶಿಕಾರಿ ಸಾಹಿತ್ಯದಲ್ಲಿ ಈಡು ಹೊಡೆದವನ ಹೆಸರು ಉಳಿದಿದೆ. ನೆತ್ತರ ಹನಿಯನ್ನು ಎಲೆಯ ಮರೆಯಲ್ಲಿ ಕಂಡುಹಿಡಿದವರ ಹೆಸರು ಬಹುಮಟ್ಟಿಗೆ ಉಳಿದಿಲ್ಲ. ಕುರುಬರೂ ಸೋಲಿಗರೂ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಈ ವಿದ್ಯೆ ಬರವಣಿಗೆಗೆ ಬಂದುದು ಇತರರ ಸಾಹಸಕಥೆಗಳ ಅಂಚಿನಲ್ಲಿ ಮಾತ್ರ.

ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸಿ ಮುಗಿಸುವುದು ಬೇಟೆಗಾರನ ಕರ್ತವ್ಯ ಎಂಬ ಮಾತು ಈ ಕಾಲದ ಬರಹಗಳಲ್ಲಿ ನೇರವಾಗಿ ಕಾಣಿಸಿಕೊಳ್ಳುತ್ತದೆ. ೧೯೪೪ರ ತನ್ನ ಪ್ರಸಿದ್ಧ ಕೃತಿಯ ಆರಂಭದಲ್ಲಿ ಜಿಮ್ ಕಾರ್ಬೆಟ್, ಹುಲಿ ನರಭಕ್ಷಕನಾಗಲು ಕಾರಣವಾಗುವ ಗಾಯಗಳನ್ನು ವಿವರಿಸುತ್ತಾನೆ. ಮುಳ್ಳುಹಂದಿಯ ಮುಳ್ಳು ಒಂದು ಕಾರಣವಾದರೆ, ಅಜಾಗರೂಕತೆಯಿಂದ ಹಾರಿಸಿದ ಗುಂಡು ಮತ್ತು ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸಿ ಪಡೆಯದೆ ಬಿಟ್ಟದ್ದು ಇನ್ನೊಂದು ಕಾರಣ. ಯಾರೋ ಎಲ್ಲಿಯೋ ಅರ್ಧಕ್ಕೆ ಬಿಟ್ಟ ಜಾಡಿನ ಬೆಲೆಯನ್ನು ಬೆಟ್ಟದ ಹಳ್ಳಿಯ ಹುಲ್ಲು ಕೊಯ್ಯುವ ಹೆಂಗಸು ತೆರುತ್ತಾಳೆ. ಪರೀಕ್ಷಿತನ ಕಥೆಯಲ್ಲಿ ಶಾಪದ ರೂಪದಲ್ಲಿದ್ದ ವಿವೇಕ ಇಲ್ಲಿ ಅನುಭವದ ರೂಪದಲ್ಲಿದೆ. ಜಿಂಕೆಯ ವಿಷಯದಲ್ಲಿ ಬೆಲೆ ತೆರುವುದು ಜಿಂಕೆ ಮಾತ್ರ. ಆದ್ದರಿಂದಲೇ ಅದು ಲೆಕ್ಕಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಜರ್ಮನಿಯ ಬೇಟೆ ಕಾನೂನು ಇಂದು ಗಾಯಗೊಂಡ ಮೃಗವನ್ನು ವಿಳಂಬವಿಲ್ಲದೆ ನೋವಿನಿಂದ ಬಿಡಿಸಬೇಕೆಂದು ವಿಧಿಸುತ್ತದೆ. ಟ್ರೆಬಾಟಿಯಸನಲ್ಲಿ ಹಕ್ಕಿಗೆ ಆಧಾರವಾಗಿದ್ದ ಹಿಂಬಾಲಿಸುವಿಕೆ ಅಲ್ಲಿ ಕಡ್ಡಾಯದ ಋಣವಾಗಿ ಮಾರ್ಪಟ್ಟಿದೆ.

೭

ಭಾರತದಲ್ಲಿ ಈ ಚರ್ಚೆಯನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇರೊಂದು ನೆಲೆಗೆ ಒಯ್ದಿತು. ೧೯೯೧ರ ತಿದ್ದುಪಡಿಯ ಅನಂತರ ಕ್ರೀಡೆಗಾಗಿ ಬೇಟೆಯಾಡುವ ಅವಕಾಶ ಉಳಿಯಲಿಲ್ಲ. ಕೊಲ್ಲುವುದಷ್ಟೇ ಅಲ್ಲದೆ ಕೊಲ್ಲುವ ಯತ್ನವೂ ಗಾಯಗೊಳಿಸುವುದೂ ಕಾಯಿದೆಯ ಪ್ರಕಾರ ಬೇಟೆಯೇ. ಹೊಡೆದ ಪ್ರಾಣಿ ಯಾರದು ಎಂಬ ಹಳೆಯ ಪ್ರಶ್ನೆಗೂ ಅಲ್ಲಿ ಉತ್ತರವಿದೆ: ಅದು ಸರ್ಕಾರದ ಸ್ವತ್ತು. ಬಾಣದ ಮೊನೆಯಿಂದ ಹುಟ್ಟುತ್ತಿದ್ದ ಒಡೆತನ ಹೀಗೆ ಕೊನೆಗೊಂಡಿತು. ಮನುವಿನ ದೃಷ್ಟಾಂತ ಈಗ ಕಾನೂನಿನಲ್ಲಿ ನಿಲ್ಲುವುದಿಲ್ಲ.

ಋಣದ ಪ್ರಶ್ನೆ ಮಾತ್ರ ಹಕ್ಕಿನೊಡನೆ ಅಳಿಯಲಿಲ್ಲ. ಕಾಡಂಚಿನ ಹೊಲಗಳ ಉರುಳಿನಿಂದ ಬಿಡಿಸಿಕೊಂಡ, ರಾತ್ರಿಯ ಹೆದ್ದಾರಿಯಲ್ಲಿ ವಾಹನದ ಪೆಟ್ಟು ತಿಂದು ಪೊದೆಗೆ ನುಗ್ಗಿದ ಜಿಂಕೆಗಳು ಇಂದಿಗೂ ಇವೆ. ಅವುಗಳ ಹಿಂದೆ ಯಾರೂ ಹೋಗುವುದಿಲ್ಲ. ಗಾಯ ಮಾಡಿದವನಿಗೆ ಹಕ್ಕಿಲ್ಲದಿರುವುದರಿಂದ ಜಾಡು ಹಿಡಿಯುವ ಕಾರಣವೂ ಇಲ್ಲ. ಜಾಡು ಬಲ್ಲವರ ಸಂಖ್ಯೆಯೂ ಕುಗ್ಗುತ್ತಿದೆ. ನೆತ್ತರ ಹನಿಯನ್ನು ನ್ಯಾಯದ ಉಪಮೆಯಾಗಿ ಮಾಡಿಕೊಂಡ ಪರಂಪರೆಯಲ್ಲಿ ಆ ಹನಿಯ ಇನ್ನೊಂದು ತುದಿಯಲ್ಲಿ ಮಲಗಿರುವ ಪ್ರಾಣಿಯನ್ನು ಕುರಿತು ಮಾತು ಕಡಿಮೆ. ಅನುಮಾನವೆಂಬ ಪ್ರಮಾಣವನ್ನು ನಾವು ಬೇಟೆಗಾರನಿಂದ ಪಡೆದುಕೊಂಡೆವು. ಜಾಡು ಮುಗಿಯುವವರೆಗೆ ಹೋಗಿ ತನ್ನ ಬಾಣ ಮಾಡಿದ್ದನ್ನು ಕಣ್ಣಾರೆ ನೋಡಬೇಕೆಂಬ ಜರನ ಪಾಠ ಮಾತ್ರ ನಮ್ಮ ಶಾಸ್ತ್ರಗಳಲ್ಲಿ ನಿಯಮವಾಗಿ ಬರಲಿಲ್ಲ. ಧರ್ಮಶಾಸ್ತ್ರದ ಇತಿಹಾಸವನ್ನು ಬರೆಯುವವರು ಈ ಕೊರತೆಯನ್ನೂ ಅದರ ಭಾಗವೆಂದೇ ಪರಿಗಣಿಸಬೇಕಾಗುತ್ತದೆ.